ಮಾವನ ವಿರುದ್ಧ ಒಂದು ಸೆಮಿನಾರ್

ನಮ್ಮ ಸೋದರಮಾವನ ಜೊತೆ ವಾದಕ್ಕಿಳಿದು ಗೆಲ್ಲಬಹುದು, ಸೋಲಲೂಬಹುದು. ಹೊತ್ತಿಗೆ ಸರಿಯಾಗಿ ಊಟಕ್ಕೆ ಏಳುವುದು ಮಾತ್ರ ಸಾಧ್ಯವಿಲ್ಲ! ವಿಶ್ವವಿದ್ಯಾಲಯದಲ್ಲಿ ಇತಿಹಾಸ ಕಲಿಸುತ್ತಿದ್ದ ಅವರದ್ದೊಂದು ಕಟ್ಟಳೆ: ಎದುರಿನವರ ವಾದವನ್ನು ಮೊದಲು ನಾವೇ ಹೇಳಬೇಕು, ಅವರು "ಹೌದು, ನಾನು ಹೇಳಿದ್ದು ಇದೇ" ಎಂದು ಒಪ್ಪಬೇಕು, ಆಮೇಲಷ್ಟೇ ಖಂಡನೆ. ತರಗತಿಯಲ್ಲಿ ಇದು ಚೆನ್ನ. ಜಯನಗರದ ಮಾರ್ಕೆಟ್ಟಿನಲ್ಲಿ? ಅವರೆಕಾಯಿ ಚೌಕಾಸಿಗೆ ನಿಂತವರು ಮಾರುವಾಕೆಯ ಪರವಾಗಿ ಎಷ್ಟು ಮನಮುಟ್ಟುವಂತೆ ವಾದಿಸಿದರೆಂದರೆ, ಖಂಡಿಸಲು ಏನೂ ಉಳಿಯದೆ ಎರಡು ಕೆಜಿ ಹೆಚ್ಚಿಗೇ ತಂದರು. ಸುಲಿಯುವ ಪಾಲು ಅತ್ತೆಯದು.

"ಉಪ್ಪಿಟ್ಟಿಗೆ ಉಪ್ಪು ಕಮ್ಮಿ ಅಂತೀನಿ. ಆದ್ರೆ ನಿನ್ನ ವಾದ ಏನಿರಬಹುದು ಅಂದ್ರೆ..." ಎಂದು ಒಂದು ಬೆಳಿಗ್ಗೆ ಶುರುಮಾಡಿದರು.

"ನನ್ನ ವಾದ ಇಷ್ಟೇ," ಅತ್ತೆ ಉಪ್ಪಿನ ಡಬ್ಬಿ ಮುಂದಿಟ್ಟರು, "ಹಾಕ್ಕೊಂಡು ತಿನ್ನಿ."

ಇಂಥವರು ಕಳೆದ ವರ್ಷ ನಿವೃತ್ತರಾದರು. ಬೀಳ್ಕೊಡುಗೆಯ ದಿನ ಅವರ ಏಕೈಕ ಪುಸ್ತಕದ ಮೇಲೆ ಸೆಮಿನಾರ್ ಇಟ್ಟಿದ್ದರು. ಗೊಟ್ಟಿಗೆರೆ ಸುತ್ತಿನ ಹಳೆಯ ಕೆರೆಗಳಲ್ಲಿ ಯಾವುದರ ನೀರು ಯಾವುದಕ್ಕೆ ಹರಿಯುತ್ತಿತ್ತು ಎಂದು ಇಪ್ಪತ್ತು ವರ್ಷ ಅಲೆದು ಬರೆದ ಪುಸ್ತಕ ಅದು. ಎಲ್ಲರೂ ಹೊಗಳಲು ಸಿದ್ಧರಾಗಿದ್ದರು. ಸುಬ್ರಹ್ಮಣ್ಯಪುರದ ಒಬ್ಬ ವಿದ್ಯಾರ್ಥಿನಿಯ ಪ್ರಬಂಧ ಮಾತ್ರ, ಪುಸ್ತಕದ ಮುಖ್ಯ ವಾದವೇ ತಪ್ಪು ಎನ್ನುತ್ತಿತ್ತು. ವಿಭಾಗದ ಮುಖ್ಯಸ್ಥರು ಓಡಿ ಬಂದರು.

"ಸಾರ್, ಆ ಹುಡುಗಿ ಹೆಸರು ಪಟ್ಟಿಯಿಂದ ತೆಗೆದುಬಿಡ್ತೀನಿ. ನಿಮ್ಮ ಫಂಕ್ಷನ್‌ನಲ್ಲಿ ನಿಮಗೇ ಅವಮಾನ ಆಗಬಾರದು."

"ತೆಗೀರಿ," ಎಂದರು ಮಾವ, "ಜೊತೆಗೆ ನನ್ನ ಹೆಸರೂ ತೆಗೀರಿ. ಹಾರ ನೀವೇ ಹಾಕ್ಕೊಳ್ಳಿ."

ಹುಡುಗಿ ಮಾತಾಡಿದಳು. ಮೊದಲು ಮಾವನ ವಾದವನ್ನೆಲ್ಲ ಹೇಳಿ, "ಸರಿಯಾಗಿ ಹೇಳಿದ್ನಾ ಸಾರ್?" ಎಂದಳು.

"ನಾನು ಬರೆದಿದ್ದಕ್ಕಿಂತ ಚೆನ್ನಾಗಿದೆ. ಮುಂದೆ ಹೇಳಮ್ಮ."

ಆಮೇಲೆ ತಾನು ನಡೆದು ನೋಡಿದ ಕಾಲುವೆಗಳ ಚಿತ್ರ ತೋರಿಸುತ್ತಾ, ಅಧ್ಯಾಯದ ಮೇಲೆ ಅಧ್ಯಾಯ ಕೆಡವಿದಳು. ಮಾವ ಸುಮ್ಮನೆ ಬಿಡುವವರೇ? ಮೂರು ಪ್ರಶ್ನೆ ಎಸೆದರು. ಎರಡಕ್ಕೆ ಉತ್ತರ ಬಂತು. ಮೂರನೆಯದಕ್ಕೆ ಆಕೆ "ಗೊತ್ತಿಲ್ಲ ಸಾರ್" ಎಂದಳು.

"ನನಗೂ ಗೊತ್ತಿರಲಿಲ್ಲ. ನಾನು 'ಇದು ಸ್ಪಷ್ಟ' ಅಂತ ಬರೆದುಬಿಟ್ಟೆ," ಎಂದರು ಮಾವ. ಸಭೆಯೆಲ್ಲ ನಕ್ಕಿತು.

ಮನೆಗೆ ಮರಳುವಾಗ ಆಟೋದಲ್ಲಿ ನನ್ನ ಪಕ್ಕ ಅವರು ಮುಖ ಹೊರಗೆ ತಿರುಗಿಸಿ ಕುಳಿತರು. ಬನಶಂಕರಿ ದಾಟಿದರೂ ಹಾಗೇ. ನನಗೆ ಭಯವಾಯಿತು. "ಬೇಜಾರಾಯ್ತಾ ಮಾವ?" ಎಂದೆ.

ತಿರುಗಿ ನೋಡಿದರು. ಕಣ್ಣು ತುಂಬಿತ್ತು.

"ಬೇಜಾರಲ್ವೋ. ಪುಸ್ತಕ ಪೂರ್ತಿ ಓದಿದಾಳೆ ಕಣೋ, ಅಡಿಟಿಪ್ಪಣಿ ಸಮೇತ. ಯಾರೂ ಓದೇ ಇಲ್ಲ ಅಂದ್ಕೊಂಡಿದ್ದೆ."

ಆ ಪುಸ್ತಕದ ಮೊದಲ ಪ್ರತಿಗೆ ಸಹಿ ಹಾಕಿ ಅವರು ಕೊಟ್ಟದ್ದು ನನಗೆ. ಮುನ್ನುಡಿಯ ಆಚೆ ನಾನು ಹೋಗಿರಲಿಲ್ಲ. ಅವರ ಕೈ ಹಿಡಿದುಕೊಂಡೆ. ಅದನ್ನು ಹೇಳುವ ಧೈರ್ಯ ಮಾತ್ರ ಬರಲಿಲ್ಲ.