ಹುಳುಮನೆಗೆ ಬಂದ ಕೊಲ್ಲಿ ಯುದ್ಧ

ಕೌದಳ್ಳಿಯಲ್ಲಿ ಕುಳಿತು ಜಗತ್ತಿನ ಯುದ್ಧಗಳನ್ನು ಅರ್ಥ ಮಾಡಿಕೊಳ್ಳಬಲ್ಲವನು ನಾನೊಬ್ಬನೇ ಎಂದು ನನಗೆ ದೃಢವಾದ ನಂಬಿಕೆಯಿತ್ತು. ಸ್ಕೂಲ್ ಮೇಷ್ಟ್ರು; ಸಾಲದ್ದಕ್ಕೆ ಮಧ್ಯಾಹ್ನದ ಬಸ್ಸಿಗೆ ಬರುವ ಪೇಪರನ್ನು ಮೊದಲು ಬಿಡಿಸುವವನು. ಕೊಲ್ಲಿಯಲ್ಲಿ ಯುದ್ಧ ಶುರುವಾದ ವಾರ ಟೀ ಅಂಗಡಿಯಲ್ಲಿ ಘೋಷಿಸಿದೆ: "ಇನ್ನು ಸೀಮೆಎಣ್ಣೆ ಕಣ್ಣಿಗೂ ಸಿಕ್ಕಲ್ಲ!"

ಊರು ಹೆದರಿತು. ಊರಿನ ಹೆದರಿಕೆ ನೋಡಿ ನಾನೂ ಹೆದರಿದೆ. ಹನೂರಿಗೆ ಹೋಗಿ ಒಂದು ಡಬ್ಬ ಸೀಮೆಎಣ್ಣೆ ತಂದೆ. ಅಡಗಿಸುವುದೆಲ್ಲಿ? ನನ್ನ ಭಾಷಣ ಕೇಳಿದವರೆಲ್ಲ ಸೀಸೆ ಹಿಡಿದು ಬಾಗಿಲಿಗೆ ಬಂದರೆ?

ನನ್ನ ಹೆಂಡತಿ ಪುಟ್ಟತಾಯಿ ರೇಷ್ಮೆಹುಳು ಸಾಕಿದ್ದಳು. ಹುಳು ಮೇವು ಬಿಟ್ಟು, ತಲೆ ಎತ್ತಿ ಕೂತು ಪೊರೆ ಬಿಡುವುದನ್ನು ನಮ್ಮ ಕಡೆ ಜ್ವರ ಎನ್ನುತ್ತಾರೆ. ನಾಲ್ಕನೇ ಜ್ವರ ಎದ್ದಿದ್ದವು. ಇನ್ನೊಂದು ವಾರ ಸೊಪ್ಪು ತಿಂದರೆ ಗೂಡು. ಆ ಬೆಳೆಯಲ್ಲಿ ಅವಳಿಗೊಂದು ಹೊಲಿಗೆ ಮಿಷನ್ ಬರಬೇಕಿತ್ತು. ಹೂ ಮುಡಿದವರನ್ನೂ ಬೀಡಿ ಸೇದಿದವರನ್ನೂ ಅವಳು ಹುಳುಮನೆಗೆ ಬಿಡುತ್ತಿರಲಿಲ್ಲ. ಯಾಕೆಂದು ನಾನು ಎಂದೂ ಕೇಳಿರಲಿಲ್ಲ. ಯಾರೂ ಕಾಲಿಡದ ಜಾಗ! ಭದ್ರತೆಯ ದೃಷ್ಟಿಯಿಂದ ಇದಕ್ಕಿಂತ ಉತ್ತಮ ತಾಣ ಭೂಮಂಡಲದಲ್ಲೇ ಇರಲಿಲ್ಲ.

ಅವಳು ತಂಗಿಯ ಮಗುವಿನ ನಾಮಕರಣಕ್ಕೆಂದು ಎರಡು ದಿನ ಯಳಂದೂರಿಗೆ ಹೊರಟಳು. "ಒತ್ತೊತ್ಗೆ ಸೊಪ್ಪಾಕಿ. ಇನ್ನೇನೂ ಮಾಡ್ಬೇಡಿ" ಎಂದಳು.

ಮಾಡಿದೆ. ಡಬ್ಬವನ್ನು ಹುಳುವಿನ ತಟ್ಟೆಗಳ ಕೆಳಗಿಟ್ಟೆ. ಬೆಳಿಗ್ಗೆ ನೋಡಿದರೆ ಸೋರಿತ್ತು. ಕೈಗೆ ಸಿಕ್ಕ ಗೋಣಿಯಲ್ಲಿ ಒರೆಸಿದೆ. ಅದು ಸೊಪ್ಪು ಬಾಡದಂತೆ ಹೊದಿಸುವ ಗೋಣಿ. ಒರೆಸಿದ ಮೇಲೆ ಶಿಸ್ತಾಗಿ ಸೊಪ್ಪಿಗೇ ಹೊದಿಸಿದೆ. ಆ ಸೊಪ್ಪನ್ನೇ ಹುಳುಗಳಿಗೆ ಹಾಕಿದೆ. ಒಂದೂ ಬಾಯಿ ಹಾಕಲಿಲ್ಲ, ತಲೆ ಎತ್ತಿ ಕೂತವು.

ಪಕ್ಕದ ಮನೆಯ ಮಾದಪ್ಪನಿಗೆ ಬೇಲಿಯಾಚೆಯಿಂದ ವರದಿ ಒಪ್ಪಿಸಿದೆ: "ಐದನೇ ಜ್ವರಕ್ಕೆ ಕೂತಿವೆ."

"ಇರಾದೇ ನಾಲ್ಕು ಜ್ವರ ಕಣ್ ಸಾ. ಐದ್ನೇದು ಯಾವ್ ಪೇಪರ್ನಾಗ್ ಬಂದದೆ?" ಎಂದ ಮಾದಪ್ಪ.

ಮರುದಿನ ಪುಟ್ಟತಾಯಿ ಬಸ್ಸಿಳಿದು ಬಂದವಳು ವಾಸನೆ ಬಡಿದು ಹುಳುಮನೆಯ ಬಾಗಿಲಲ್ಲೇ ನಿಂತಳು.

"ಯಾರ್ರೀ ಇಲ್ಲಿ ಸೀಮೆಣ್ಣೆ ಮಡಗಿರೋರು?"

ನಾನು ಗಂಟಲು ಸರಿಮಾಡಿಕೊಂಡು ತೈಲ ರಾಷ್ಟ್ರಗಳ ಪರಿಸ್ಥಿತಿಯನ್ನು ವಿವರಿಸಲು ಹೊರಟೆ.

"ಅವ್ರು ಅಲ್ಲೆಲ್ಲೋ ಒಡದಾಡ್ಕತಾವ್ರೆ. ನನ್ ಹುಳ ಏನ್ರೀ ಮಾಡಿದ್ದೊ?" ಎಂದಳು. ಕಣ್ಣಲ್ಲಿ ನೀರಿತ್ತು. ನನಗೆ ನಿಜವಾಗಿಯೂ ನಾಚಿಕೆಯಾಯಿತು.

ಮುಕ್ಕಾಲು ಪಾಲು ಹುಳು ಸತ್ತವು. ಹಿತ್ತಲಲ್ಲಿ ಗುಂಡಿ ತೋಡಿ ಸುರಿದೆ. "ಸುಟ್ಬುಡಿ, ಎಣ್ಣೆ ಎಂಗೂ ಅದಲ್ಲ" ಎಂದಳು. ನನ್ನ ತುರ್ತು ದಾಸ್ತಾನು ಬಳಕೆಗೆ ಬಂದದ್ದು ಹಾಗೆ. ಯುದ್ಧ ಮುಗಿಯಿತು, ರೇಷನ್ ಅಂಗಡಿಯಲ್ಲಿ ಎಂದಿನಂತೆ ಸೀಮೆಎಣ್ಣೆ ಕೊಟ್ಟರು, ಹೊಲಿಗೆ ಮಿಷನ್ ಮಾತ್ರ ಬರಲಿಲ್ಲ.

ಮುಂದಿನ ಬೆಳೆಗೆ ಅವಳ ಕಾನೂನು ಬಿಗಿಯಾಯಿತು. ಹೂ ಮುಡಿದವರು ಬೇಡ, ಬೀಡಿ ಸೇದಿದವರು ಬೇಡ, ಪೇಪರ್ ಓದುವವರು ಬೇಡ. ಹೂ ಮುಡಿದವರಾದರೆ ತೆಗೆದಿಟ್ಟು ಒಳಗೆ ಹೋಗಬಹುದು. ಓದಿದ್ದನ್ನು ತೆಗೆದಿಡುವುದು ಹೇಗೆ? ನಾನು ಇವತ್ತಿಗೂ ಹೊಸ್ತಿಲಾಚೆಯೇ ನಿಲ್ಲುತ್ತೇನೆ.