ಸಾಂಟೊರಿನಿಯಲ್ಲಿ ಮೂರು ಬೀಗದಕೈ

ಮನೆ ಬಿಟ್ಟು ಹೊರಡೋದು ಒಂದು ಕೆಲಸ, ಮನೆಯನ್ನ ತಲೆಯಿಂದ ಇಳಿಸಿ ಹೊರಡೋದು ಇನ್ನೊಂದು ಕೆಲಸ. ಮೊದಲನೆಯದು ನನಗೆ ಹೇಗೋ ಬರುತ್ತೆ. ಎರಡನೆಯದು ಈ ಜನ್ಮದಲ್ಲಿ ಬರೋ ಹಾಗೆ ಕಾಣೋಲ್ಲ. ಕಾರು ನಮ್ಮ ಬೀದಿಯ ತಿರುವು ದಾಟುತ್ತಿದ್ದ ಹಾಗೇ ಒಲೆ, ನಲ್ಲಿ, ಇಸ್ತ್ರಿಪೆಟ್ಟಿಗೆ ಎಲ್ಲಾ ಒಂದೊಂದಾಗಿ ನನ್ನ ಕಣ್ಣೆದುರಿಗೆ ಬಂದು ನಿಂತು, "ನಮ್ಮನ್ನ ಆಫ್ ಮಾಡಿದ್ಯೇನೇ?" ಅಂತ ಕೇಳೋದಕ್ಕೆ ಶುರು ಮಾಡ್ತವೆ. ಇದರಲ್ಲಿ ನನ್ನ ತಪ್ಪು ಅರ್ಧ ಮಾತ್ರ, ಉಳಿದರ್ಧ ನನ್ನ ನೌಕರಿಯದು. ಅಮೆರಿಕದ ರಾಕ್‌ವಿಲ್‌ನ ಒಂದು ಲ್ಯಾಬಿನಲ್ಲಿ ನಾನು ಇರೋದೇ ತಪಾಸಣೆ ವಿಭಾಗದಲ್ಲಿ. ಬೇರೆಯವರು ಸರಿಯಾಗಿ ಮಾಡಿದ್ದಾರಾ ಅಂತ ನಾನು ನೋಡ್ತೀನಿ, ನಾನು ಸರಿಯಾಗಿ ನೋಡಿದೆನಾ ಅಂತ ಇನ್ನೊಬ್ಬರು ನೋಡ್ತಾರೆ. ಅಲ್ಲಿ ಇದಕ್ಕೆ ಸಂಬಳ ಕೊಡ್ತಾರೆ. ಮನೇಲಿ ಇದೇ ಕೆಲಸಕ್ಕೆ ಬೈಸಿಕೊಳ್ತೀನಿ.

ಬೈಯೋರು ನಮ್ಮನೆಯವರು, ಶ್ರೀಧರ. ಪಾಪ, ಅವರನ್ನೂ ತಪ್ಪು ಅನ್ನೋಹಾಗಿಲ್ಲ. ಹೋದ ವರ್ಷ ಷಾರ್ಲಟ್‌ನ ಬ್ಯಾಲಂಟೈನ್‌ನಲ್ಲಿರೋ ಅವರ ತಂಗಿ ಮನೆ ಗೃಹಪ್ರವೇಶಕ್ಕೆ ಅಂತ ನಮ್ಮೂರು ಜರ್ಮನ್‌ಟೌನಿನಿಂದ ಹೊರಟಿದ್ವಿ. ಎರಡು ಗಂಟೆ ದಾರಿ ಸವೆಸಿ ರಿಚ್ಮಂಡ್ ಹತ್ತಿರ ಬಂದಾಗ ನನಗೆ ಇಸ್ತ್ರಿಪೆಟ್ಟಿಗೆ ಜ್ಞಾಪಕಕ್ಕೆ ಬಂತು. "ರೀ, ಆಫ್ ಮಾಡಿದ್ನಾ?" ಅಂದೆ. ಅವರು ಕಾರು ತಿರುಗಿಸಿದರು. ಮನೆಗೆ ಬಂದು ನೋಡಿದರೆ ಇಸ್ತ್ರಿಪೆಟ್ಟಿಗೆ ತಣ್ಣಗೆ ಡಬ್ಬದೊಳಗೆ ಮಲಗಿತ್ತು, ವೈರನ್ನ ಜಡೆಯ ಹಾಗೆ ಸುತ್ತಿ ಇಟ್ಟಿದ್ದೆ. ಅಲ್ಲಿಂದ ಮತ್ತೆ ಷಾರ್ಲಟ್‌ಗೆ ಹೊರಟ್ವಿ. ನಾವು ಹೋಗೋ ಹೊತ್ತಿಗೆ ಪೂಜೆ ಮುಗಿದು, ಊಟ ಮುಗಿದು, ಮಿಕ್ಕ ಕೋಸಂಬರಿಯನ್ನ ಫ್ರಿಜ್ಜಿಗೆ ಹಾಕ್ತಾ ಇದ್ದರು.

ಆದ್ದರಿಂದ ಗ್ರೀಸ್ ಟೂರ್ ಬುಕ್ ಮಾಡುವಾಗಲೇ ಅವರು ನನ್ನಿಂದ ಭಾಷೆ ತಗೊಂಡರು. "ಸುಮಾ, ಈ ಟ್ರಿಪ್‌ನಲ್ಲಿ ಆಫ್ ಮಾಡಿದ್ನಾ ಅನ್ನೋ ಮಾತು ನಿನ್ನ ಬಾಯಿಂದ ಬರಕೂಡದು. ಬಂತೋ, ಇನ್ನು ಮುಂದೆ ನಾನು ನಿನ್ನ ಜೊತೆ ಎಲ್ಲಿಗೂ ಬರೋಲ್ಲ." ಮದುವೆಯಾದಾಗಿನಿಂದ ಗ್ರೀಸ್ ನೋಡಬೇಕು ಅಂತ ಆಸೆ ಇಟ್ಟುಕೊಂಡಿರೋ ಮನುಷ್ಯ. ಕೋವಿಡ್ ಕಾಲದಲ್ಲಿ ಒಂದು ಸಲ ಬುಕ್ ಮಾಡಿ ಕ್ಯಾನ್ಸಲ್ ಆಗಿತ್ತು. ಅವರು ಆಗ ಎಷ್ಟು ಕೊರಗಿದರೋ ನಾನು ಅಷ್ಟೇ ನೆಮ್ಮದಿಯಾಗಿದ್ದೆ ಅನ್ನೋದನ್ನ ಇಲ್ಲಿ ಮಾತ್ರ ಹೇಳ್ತಿದೀನಿ. ಮನೆ ಬಿಟ್ಟು ಹೊರಡೋ ಪ್ರಶ್ನೆಯೇ ಇಲ್ಲದಿದ್ದ ಆ ದಿನಗಳಲ್ಲಿ ನನಗೆ ಬಂದ ನಿದ್ದೆ ಮತ್ತೆ ಬಂದಿಲ್ಲ. ಅಂತೂ ಭಾಷೆ ಕೊಟ್ಟೆ. ನಮ್ಮ ಜೊತೆಗೆ ಜರ್ಮನ್‌ಟೌನಿನವರೇ ಇನ್ನೆರಡು ಮನೆಯವರು ಸೇರಿಕೊಂಡರು. ಮೈಸೂರಿನ ವನಜಾ ಮತ್ತವಳ ಗಂಡ, ಮಂಗಳೂರಿನ ಲವೀನಾ ಮತ್ತವಳ ಗಂಡ. ನಮ್ಮ ಮೂವರು ಹೆಂಗಸರಿಗೆ ಒಬ್ಬರ ಅಡಿಗೆಮನೆ ಇನ್ನೊಬ್ಬರಿಗೆ ಕಣ್ಣುಮುಚ್ಚಿದರೂ ಗೊತ್ತು, ಅಷ್ಟು ಬಳಕೆ.

ಹೊರಟ ದಿನ ದೇವರಿಗೆ ದೀಪ ಹಚ್ಚಿ, ನಮಸ್ಕಾರ ಮಾಡಿ, ಬಾಗಿಲು ಹಾಕಿಕೊಂಡು ಹೊರಟಿದ್ದಾಯ್ತು. ಬಾಗಿಲ ವಿಷಯದಲ್ಲಿ ನಾನು ಬಹಳ ಕಟ್ಟುನಿಟ್ಟು. ಬೀಗ ಹಾಕಿ, ಜಗ್ಗಿ ನೋಡಿ, ತೆಗೆದು, ಮತ್ತೆ ಹಾಕಿ, ಮತ್ತೆ ಜಗ್ಗಿ ನೋಡೋದು ನನ್ನ ಪದ್ಧತಿ. ಶ್ರೀಧರ ಕಾರಿನಿಂದ ಹಾರ್ನ್ ಹೊಡೀತಾನೇ ಇದ್ದರು. ಕಾರು ಹೈವೇ ಹತ್ತಿತು. ಆಗ ನನಗೆ ಹೊಳೀತು. ದೀಪ ಶಾಂತ ಮಾಡಿದ್ನಾ?

ನಮ್ಮ ದೇವರು ಇರೋದು ಅಡಿಗೆಮನೆ ಪಕ್ಕದ ಪ್ಯಾಂಟ್ರಿಯಲ್ಲಿ. ಅಮೆರಿಕದಲ್ಲಿ ನಮ್ಮ ಕಡೆಯವರ ದೇವರೆಲ್ಲ ಅಲ್ಲೇ, ತೊಗರಿಬೇಳೆ ಡಬ್ಬದ ಪಕ್ಕ. ದೀಪದ ಮೇಲಿನ ಹಲಗೆ ಮರದ್ದು, ಅಕ್ಕಪಕ್ಕದ ಗೋಡೆ ಮರದ್ದು, ಕೆಳಗೆ ಎಣ್ಣೆ ಡಬ್ಬಗಳು. ಇಡೀ ಮನೆಯೇ ಮರದ್ದು. ಇಷ್ಟೇ ಆಗಿದ್ದರೂ ಸಹಿಸಿಕೊಳ್ಳಬಹುದಿತ್ತು. ಅಡಿಗೆಮನೆಯ ಸ್ಮೋಕ್ ಅಲಾರಾಂ ಯುಗಾದಿ ದಿನ ಒಗ್ಗರಣೆಗೆ ಬಾಯಿ ಬಡ್ಕೊಂಡಿತು ಅಂತ ನಾನೇ ಕುರ್ಚಿ ಹತ್ತಿ ಬಿಚ್ಚಿ ಡ್ರಾಯರಿನಲ್ಲಿ ಇಟ್ಟಿದ್ದೆ. ಅದು ಗೊತ್ತಿದ್ದದ್ದು ನನಗೆ, ಮತ್ತೆ ಆ ದೇವರಿಗೆ. "ಏನಾಯ್ತು? ಯಾಕೆ ಹಾಗಿದೀಯ?" ಅಂತ ಶ್ರೀಧರ ಕೇಳಿದರು. "ಏನಿಲ್ಲಪ್ಪ, ಖುಷಿ ಆಗ್ತಿದೆ," ಅಂದೆ. ಹಿಂದಕ್ಕೆ ತಿರುಗಿಸಿ ಅನ್ನೋಹಾಗಿರಲಿಲ್ಲ, ಭಾಷೆ ಕೊಟ್ಟಾಗಿತ್ತು.

ಗ್ರೀಸ್ ನೋಡೋಕೆ ಬಹಳ ಚೆನ್ನಾಗಿದೆ ಅಂತ ಎಲ್ಲರೂ ಹೇಳ್ತಾರೆ. ಇರಬಹುದು. ನಾನು ನೋಡಿದ ಗ್ರೀಸೇ ಬೇರೆ. ಅಥೆನ್ಸಿನ ಬೆಟ್ಟದ ಮೇಲೆ ನಮ್ಮ ಗೈಡ್, ಎಲೆನಿ ಅಂತ ಒಬ್ಬ ಲಕ್ಷಣವಾದ ಹುಡುಗಿ, ಚಿಕ್ಕ ಕೆಂಪು ಛತ್ರಿ ಎತ್ತಿ ಹಿಡಿದು ನಮ್ಮನ್ನೆಲ್ಲ ಸುತ್ತ ನಿಲ್ಲಿಸಿಕೊಂಡು, "ಇಲ್ಲಿ ಮೊದಲು ಇನ್ನೂ ಹಳೆಯ ದೇವಸ್ಥಾನ ಇತ್ತು, ಶತ್ರುಗಳು ಬಂದು ಸುಟ್ಟುಬಿಟ್ಟರು," ಅಂದಳು. ನನ್ನ ಕೈಲಿದ್ದ ನೀರಿನ ಬಾಟಲಿ ಜಾರಿ ಬಿತ್ತು. ಎಲ್ಲರೂ ಕಂಬಗಳ ಮುಂದೆ ಫೋಟೋ ತೆಗೆಸಿಕೊಂಡರು. ಆ ಫೋಟೋಗಳಲ್ಲಿ ನಾನು ಮಾತ್ರ ಯಾರದೋ ಸಾವಿಗೆ ಬಂದವಳ ಹಾಗೆ ನಿಂತಿದೀನಿ. ಕಲ್ಲಿನ ಕಟ್ಟಡಕ್ಕೇ ಈ ಗತಿಯಾದರೆ ನಮ್ಮ ಟೌನ್‌ಹೌಸ್ ಯಾವ ಲೆಕ್ಕ? ಒಂದು ಗೋಡೆ ಆಚೆ ಇನ್ನೊಬ್ಬರ ಮನೆ ಬೇರೆ.

ಆಮೇಲೆ ಕ್ರೀಟ್ ದ್ವೀಪಕ್ಕೆ ಹೋದ್ವಿ. ಅಲ್ಲಿ ಕ್ನೊಸೊಸ್ ಅಂತ ಒಂದು ಪುರಾತನ ಅರಮನೆ. ಆಳೆತ್ತರದ ಮಣ್ಣಿನ ಗುಡಾಣಗಳನ್ನ ಸಾಲಾಗಿ ಇಟ್ಟಿದ್ದಾರೆ. ಎಲೆನಿ ಛತ್ರಿಯ ತುದಿಯಿಂದ ತೋರಿಸಿ, "ಇದು ಅರಮನೆಯ ಉಗ್ರಾಣ. ಇದರಲ್ಲಿ ಎಣ್ಣೆ ತುಂಬಿಡ್ತಿದ್ದರು. ಬೆಂಕಿ ಬಿದ್ದಾಗ ಎಣ್ಣೆ ಹೊತ್ತಿಕೊಂಡು ಉರೀತು. ಕಲ್ಲಿನ ಮೇಲೆ ಕಪ್ಪು ಕಲೆ ಈಗಲೂ ಇದೆ ನೋಡಿ," ಅಂದಳು. ಉಗ್ರಾಣ ಅಂದರೆ ಪ್ಯಾಂಟ್ರಿ ತಾನೇ! ನಾನು ಅಲ್ಲೇ ಒಂದು ಕಲ್ಲಿನ ಮೇಲೆ ಕೂತುಬಿಟ್ಟೆ. ಮುಂದೊಂದು ಕಾಲಕ್ಕೆ ಯಾರೋ ಛತ್ರಿ ಹಿಡಿದುಕೊಂಡು ಜರ್ಮನ್‌ಟೌನಿಗೆ ಬಂದು, "ಇಲ್ಲಿ ಒಬ್ಬಳು ಸುಮಾ ಅಂತ ಇದ್ದಳು, ಎಣ್ಣೆ ಡಬ್ಬ ಇಡ್ತಿದ್ದ ಜಾಗ ಇದು," ಅಂತ ತೋರಿಸೋದು ಕಣ್ಣಿಗೆ ಕಟ್ಟಿತು. ಅಮ್ಮ ಕೊಟ್ಟ ಹಿತ್ತಾಳೆ ದೀಪ ಅದು. ಅಮ್ಮನ ಫೋಟೋ ಇರೋದೂ ಅದರ ಮೇಲುಗಡೆಯೇ. ಅಳು ಬಂದುಬಿಟ್ಟಿತು.

ವನಜಾ ಓಡಿ ಬಂದಳು. "ಬಿಸಿಲು ಹೊಡೀತೇನೇ?" ಅಂದಳು. ಇನ್ನು ತಡೆಯೋಕೆ ಆಗಲಿಲ್ಲ, ದೀಪ, ಅಲಾರಾಂ ಎಲ್ಲಾ ಹೇಳಿಬಿಟ್ಟೆ. ಅವಳು ನಗಲಿಲ್ಲ. ಮುಖ ಸಣ್ಣಗೆ ಮಾಡಿಕೊಂಡು, "ಅಯ್ಯೋ, ನಂದೂ ಡ್ರಾಯರಿನಲ್ಲೇ ಇದೆ ಕಣೇ," ಅಂದಳು. ಆಮೇಲೆ, "ನಾನು ಹಾಲಿನ ಪಾತ್ರೆ ಒಲೆ ಮೇಲಿಂದ ಇಳಿಸಿದ್ನಾ?" ಅಂತ ತನ್ನಷ್ಟಕ್ಕೆ ಅಂದುಕೊಂಡಳು. ಈ ರೋಗ ಅಂಟುಜಾಡ್ಯ ಅಂತ ನನಗೆ ಗೊತ್ತಾಗಿದ್ದು ಆಗಲೇ. "ಇರಲಿ, ಯಾರಿಗಾದರೂ ಫೋನ್ ಮಾಡಿ ನೋಡಿಸೋಣ. ನಿಮ್ಮನೆ ಸ್ಪೇರ್ ಕೀ ಯಾರ ಹತ್ರ ಇದೆ?" ಅಂದಳು.

ನಾನು ಅವಳ ಮುಖ ನೋಡಿದೆ. ಅವಳು ನನ್ನ ಮುಖ ನೋಡಿ, ನಿಧಾನವಾಗಿ ತನ್ನ ಕೈಚೀಲದೊಳಗೆ ಕೈ ಹಾಕಿ ನಮ್ಮನೆ ಬೀಗದಕೈ ಹೊರಗೆ ತೆಗೆದಳು. ಅದಕ್ಕೆ ಅವಳೇ ಕಟ್ಟಿದ್ದ ಹಸಿರು ದಾರವೂ ಇತ್ತು. "ನಮ್ಮನೇದು ಲವೀನಾ ಹತ್ರ ಇದೆ," ಅಂದಳು. ಲವೀನಾಳನ್ನ ಕರೆದೆವು. "ಹೌದು ಮಾರಾಯ್ತಿ, ಇಲ್ಲೇ ಉಂಟು, ಜೋಪಾನ ಅಂತ ತಂದೆ. ನಮ್ಮನೆ ಕೀ ಸುಮಾ ಹತ್ರ ಉಂಟಲ್ಲ!" ಅಂದಳು ಆ ಮಹಾತಾಯಿ. ಉಂಟು, ನನ್ನ ಸೊಂಟದ ಚೀಲದಲ್ಲೇ ಉಂಟು. ಊರಿಗೆ ಹೋಗುವಾಗ ಮನೆ ನೋಡಿಕೊಳ್ಳಲಿ ಅಂತ ಒಬ್ಬರಿಗೊಬ್ಬರು ಕೀ ಕೊಟ್ಟುಕೊಂಡಿದ್ದ ಮೂರು ಮನೆಯವರೂ ಒಟ್ಟಿಗೆ ಊರು ಬಿಟ್ಟಿದ್ವಿ, ಕೀ ಸಮೇತ. ಇದು ಒಬ್ಬರಿಗೂ ಹೊಳೆದಿರಲಿಲ್ಲವಲ್ಲ! ಅಟ್ಲಾಂಟಾದಲ್ಲಿ ಕೆಲಸಕ್ಕಿರೋ ಮಗಳು ಮೇಘಾಗೆ ಮೆಸೇಜ್ ಮಾಡಿದೆ. "ಅಮ್ಮಾ, ರಿಲ್ಯಾಕ್ಸ್. ದೀಪ ಎಣ್ಣೆ ಮುಗಿದ್ರೆ ತಾನೇ ಆಫ್ ಆಗತ್ತೆ. ಎಂಜಾಯ್ ಗ್ರೀಸ್," ಅಂತ ಬರೆದು ಒಂದು ಹಡಗಿನ ಚಿತ್ರ ಹಾಕಿದಳು. ಆಫ್ ಆಗೋಕೆ ಮುಂಚೆ ಏನೇನು ಆಗಬಹುದು ಅಂತ ಆ ಮಗುವಿಗೆ ಏನು ಗೊತ್ತು!

ಸಾಂಟೊರಿನಿ ತಲುಪಿದಾಗ ನನ್ನ ಸ್ಥಿತಿ ಯಾರಿಗೂ ಬೇಡ. ಅಲ್ಲಿ ಸೂರ್ಯಾಸ್ತ ನೋಡೋಕೆ ಪ್ರಪಂಚದ ಜನವೆಲ್ಲ ಬರ್ತಾರೆ. ಬಿಳಿ ಮನೆಗಳ ನಡುವಿನ ಮೆಟ್ಟಿಲುಗಳ ಮೇಲೆ ನಾವೂ ಜಾಗ ಹಿಡಿದು ಕೂತಿದ್ವಿ. ಎಲೆನಿ ಸಮುದ್ರದ ಕಡೆ ಕೈ ತೋರಿಸಿ, "ಈ ದ್ವೀಪದ ನಡುಭಾಗ ಪೂರ್ತಿ ಬೆಂಕಿಪರ್ವತ ಸಿಡಿದು ಹಾರಿಹೋಯ್ತು," ಅಂದಳು. ಈ ಹುಡುಗಿಗೆ ಬೇರೆ ಮಾತೇ ಬರೋಲ್ವೇ! ನಾನು ದಡಕ್ಕನೆ ಎದ್ದು ನಿಂತು, "ರೀ, ದೀಪ ಆಫ್ ಮಾಡಿದ್ನಾ ಗೊತ್ತಿಲ್ಲ ಕಣ್ರೀ," ಅಂತ ಜೋರಾಗಿ ಅಂದುಬಿಟ್ಟೆ. ಶ್ರೀಧರ ಕಣ್ಣು ಮುಚ್ಚಿಕೊಂಡರು. ಅವರು ಇಷ್ಟು ವರ್ಷ ಕಾದಿದ್ದ ಸೂರ್ಯ ಅವರ ಎದುರಿಗೇ ಕೆಂಪಗೆ ಇಳೀತಾ ಇದ್ದ. ರೇಗ್ತಾರೆ ಅಂದುಕೊಂಡೆ. ರೇಗಿದ್ದರೇ ಚೆನ್ನಾಗಿತ್ತು. ಅವರು ಸುಮ್ಮನೆ ಫೋನ್ ತೆಗೆದು, "ವಾಲ್ಟ್‌ಗೆ ಮಾಡು," ಅಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಬರೀ ಸುಸ್ತಿತ್ತು. ನನಗೆ ಅಲ್ಲೇ ನೆಲ ಬಿರಿದು ಒಳಗೆ ಹೋಗಬಾರದೇ ಅನ್ನಿಸಿತು.

ವಾಲ್ಟ್ ನಮ್ಮ ಪಕ್ಕದ ಮನೆಯ ಅಜ್ಜ. ಒಬ್ಬನೇ ಇರೋದು. ಇಷ್ಟು ವರ್ಷದಲ್ಲಿ ಅವನ ಜೊತೆ ಹಾಯ್, ಹಿಮ ಜಾಸ್ತಿ ಬಿತ್ತು, ಹ್ಯಾಪಿ ಹಾಲಿಡೇಸ್, ಇಷ್ಟು ಬಿಟ್ಟು ಬೇರೆ ಮಾತಾಡಿದವಳಲ್ಲ ನಾನು. ಸ್ಪೀಕರ್ ಹಾಕಿದರು. ಅಲ್ಲಿ ಮಧ್ಯಾಹ್ನ ಊಟದ ಹೊತ್ತು. ನಾನು ತೊದಲುತ್ತಾ ವಿಷಯ ಹೇಳಿ, ಕಿಟಕಿಯಿಂದ ಇಣುಕಿ ನೋಡಿದರೆ ಸಾಕು, ಕೀ ಇಲ್ಲಿ ನಮ್ಮ ಹತ್ತಿರವೇ ಇದೆ ಅಂದೆ. "ಲೈನಲ್ಲೇ ಇರು," ಅಂತ ಹೇಳಿ ಹೊರಟ. ಅವನ ಶೂ ಸದ್ದು, ಉಸಿರಿನ ಸದ್ದು ಕೇಳ್ತಿತ್ತು. ಮೆಟ್ಟಿಲ ಮೇಲಿದ್ದ ಜನವೆಲ್ಲ ಸೂರ್ಯನ ಕಡೆ ಮುಖ ಮಾಡಿದ್ದರೆ ನಾವು ಆರು ಜನ ಫೋನಿನ ಸುತ್ತ ತಲೆ ಬಗ್ಗಿಸಿ ನಿಂತಿದ್ವಿ. ಲವೀನಾ ಶಿಲುಬೆ ಗುರುತು ಹಾಕಿಕೊಂಡಳು.

"ಮನೆ ಇದೆ," ಅಂದ ವಾಲ್ಟ್. ನಾನು ಅಳೋದೊಂದು ಬಾಕಿ. "ಹೊಗೆ ಇಲ್ಲ, ವಾಸನೆ ಇಲ್ಲ." ಆಮೇಲೆ ಅವನು ಮುಂಬಾಗಿಲ ಕಡೆ ಹೋದ ಸದ್ದಾಯ್ತು. "ನಿಮ್ಮ ಮುಂಬಾಗಿಲು ತೆಗೆದಿದೆಯಲ್ಲ, ಅದು ಗೊತ್ತಾ?" ಅಂದ.

ಗೊತ್ತಿರಲಿಲ್ಲ. ವಾಲ್ಟ್ ವಿವರಿಸಿದ. ಬೀಗ ಹಾಕಿದೆ, ಬೀಗದ ನಾಲಿಗೆ ಪೂರ್ತಿ ಹೊರಗೆ ಬಂದಿದೆ, ಆದರೆ ಬಾಗಿಲನ್ನೇ ಎಳೆದುಕೊಂಡಿಲ್ಲ. ನಾಲಿಗೆ ಚೌಕಟ್ಟಿಗೆ ತಾಗಿ ಸುಮ್ಮನೆ ಒರಗಿಕೊಂಡಿದೆ, ಹೊರಗಿನಿಂದ ಜಗ್ಗಿದರೆ ಗಟ್ಟಿಯಾಗೇ ಇರುತ್ತೆ, ತಳ್ಳಿದರೆ ತೆರೆದುಕೊಳ್ಳುತ್ತೆ. ಯಾರೋ ಪಾರ್ಸೆಲ್ ತಂದವರು ಬಾಗಿಲು ತಳ್ಳಿ ಒಳಗೇ ಇಟ್ಟು ಹೋಗಿದ್ದಾರೆ. ಅವನು ಒಳಗೆ ಹೋಗಿ, ಶೂ ಬಿಚ್ಚಬೇಕಾ ಅಂತ ನನ್ನನ್ನ ಕೇಳಿ, ಬಿಚ್ಚಿ, ಪ್ಯಾಂಟ್ರಿ ನೋಡಿದ. ದೀಪ ತಣ್ಣಗಿದೆ, ಬತ್ತಿಯನ್ನ ಎಣ್ಣೆಯೊಳಕ್ಕೆ ನೀಟಾಗಿ ಎಳೆದಿಟ್ಟಿದೆ ಅಂದ. ಫೋಟೋದಲ್ಲಿರೋ ಹೆಂಗಸು ನಿನ್ನ ಹಾಗೇ ಇದ್ದಾಳೆ ಅಂತಲೂ ಅಂದ. ಹೋಗುವಾಗ ಬಾಗಿಲಿಗೆ ಒಳಗಿನಿಂದ ಬೀಗ ಹಾಕಿ ಗರಾಜ್ ಕಡೆಯಿಂದ ಹೋಗ್ತೀನಿ, ನೀವು ಆರಾಮಾಗಿ ಸುತ್ತಾಡಿಕೊಂಡು ಬನ್ನಿ ಅಂದ.

ಫೋನ್ ಇಟ್ಟಾಗ ಸೂರ್ಯ ಮುಳುಗಿಯಾಗಿತ್ತು. ಸುತ್ತಲಿನ ಜನ ಚಪ್ಪಾಳೆ ತಟ್ಟುತ್ತಿದ್ದರು. ಅಲ್ಲಿ ದಿನಾ ಸೂರ್ಯನಿಗೆ ಚಪ್ಪಾಳೆ ತಟ್ಟುತ್ತಾರಂತೆ. ವನಜಾ, ಲವೀನಾ ಇಬ್ಬರೂ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡರು. ನಾನು ಶ್ರೀಧರನ ಮುಖ ನೋಡೋ ಧೈರ್ಯ ಇಲ್ಲದೆ, "ನಿಮ್ಮ ಸೂರ್ಯಾಸ್ತ ಹಾಳು ಮಾಡಿದೆ, ತಪ್ಪಾಯ್ತು ಕಣ್ರೀ," ಅಂದೆ. "ನಾಳೆನೂ ಮುಳುಗ್ತಾನೆ ಬಿಡು," ಅಂದರು. ಹೋಟೆಲ್ಲಿಗೆ ಮೆಟ್ಟಿಲಿಳಿಯುವಾಗ ಮಾತ್ರ ಮೆಲ್ಲಗೆ, "ವಾಲ್ಟ್ ಗರಾಜ್ ಬಾಗಿಲು ಪೂರ್ತಿ ಇಳಿಸಿರ್ತಾನೆ ಅಂತೀಯಾ?" ಅಂದರು. ನನಗೆ ಅವರ ಮೇಲೆ ಅಷ್ಟು ಪ್ರೀತಿ ಯಾವತ್ತೂ ಉಕ್ಕಿರಲಿಲ್ಲ.

ಈಗ ನಮ್ಮ ಮೂರು ಮನೆಯ ಕೀಗಳೂ ವಾಲ್ಟ್‌ನ ಅಡಿಗೆಮನೆ ಗೋಡೆಯಲ್ಲಿ ನೇತಾಡ್ತಿವೆ. ಈ ವಾರ ಅವನು ಸೌತ್ ಕ್ಯಾರೊಲೈನಾದಲ್ಲಿರೋ ಮಗಳ ಮನೆಗೆ ಹೋಗಿದ್ದಾನೆ, ತನ್ನ ಕೀಯನ್ನ ನನಗೆ ಕೊಟ್ಟು. "ನಿನ್ನಷ್ಟು ಚೆಕ್ ಮಾಡೋರು ನನಗೆ ಬೇರೆ ಯಾರೂ ಗೊತ್ತಿಲ್ಲ," ಅಂದ. ಅದು ಹೊಗಳಿಕೆಯೋ ಅಲ್ಲವೋ ನಾನು ಕೇಳಲಿಲ್ಲ. ಗ್ರೀಸಿನಲ್ಲಿ ಅಷ್ಟು ದಿನ ದೀಪ, ಎಣ್ಣೆ, ಅಲಾರಾಂ ಅಂತ ಎಲ್ಲದರ ಮೇಲೂ ಅನುಮಾನಪಟ್ಟೆ. ಒಂದೇ ಒಂದು ಸಲವೂ ಅನುಮಾನಪಡದೇ ಇದ್ದದ್ದು ಬಾಗಿಲಿನ ಮೇಲೆ. ಅದೊಂದು ಮಾತ್ರ ನನಗೆ ಪೂರ್ತಿ ಖಾತ್ರಿಯಿತ್ತು. ಇವತ್ತು ಸಂಜೆ ವಾಲ್ಟ್‌ನ ಗಿಡಗಳಿಗೆ ನೀರು ಹಾಕಿ, ಬಾಗಿಲು ಎಳೆದುಕೊಂಡು, ಬೀಗ ಹಾಕಿ, ಜಗ್ಗಿ ನೋಡಿಯೇ ಬಂದು ಇದನ್ನ ಬರೆಯೋಕೆ ಕೂತೆ. ಸರಿಯಾಗಿ ಹಾಕಿದೀನಿ, ನನಗೆ ಪೂರ್ತಿ ಖಾತ್ರಿಯಿದೆ. ಅದಕ್ಕೇ ಹೆದರಿಕೆ. ಇರಿ, ಒಂದು ಸಲ ಹೋಗಿ ನೋಡಿಕೊಂಡು ಬಂದುಬಿಡ್ತೀನಿ.