ಆ ತುದಿಗೂ ಕಾಣಬೇಕು

ನಮ್ಮ ಸೋದರಮಾವನಷ್ಟು ಅಪಾಯಕಾರಿ ಮನುಷ್ಯ ಇಡೀ ನಂಜನಗೂಡಿನಲ್ಲಿ ಇರಲಿಲ್ಲ. ಜಗಳಗಂಟರೇ? ಛೆ, ಇರುವೆ ಕಂಡರೂ ದಾಟಿ ನಡೆಯುವವರು. ಆದರೆ ಯಾವ ತೀರ್ಮಾನವನ್ನೂ ಒಬ್ಬರೇ ಮಾಡುತ್ತಿರಲಿಲ್ಲ, ಅದೇ ಅಪಾಯ!

ಅವರು ಕೆಲಸಕ್ಕಿದ್ದದ್ದು ಕರೆಂಟ್ ಸ್ಟೇಷನ್ನಿನಲ್ಲಿ. ಅಲ್ಲಿಂದ ತಿ. ನರಸೀಪುರಕ್ಕೆ ದೊಡ್ಡ ಲೈನು. ನಡುವೆ ಮರ ಬಿದ್ದು ತಂತಿ ಕೆಟ್ಟರೆ, ಈ ತುದಿಯ ರಿಲೇ, ಅಂದರೆ ಲೈನು ಕಾಯುವ ಯಂತ್ರ, ಆ ತುದಿಯದನ್ನು ಕೇಳುತ್ತದಂತೆ: ನನಗೆ ತೊಂದರೆ ಕಾಣುತ್ತಿದೆ, ನಿನಗೂ ಕಾಣುತ್ತಿದೆಯಾ? ಹೌದೆಂದರೆ ಎರಡೂ ಕಡೆ ತಕ್ಷಣ ಲೈನ್ ಬಂದ್. ಹೌದೆಂಬ ಉತ್ತರ ಬಾರದಿದ್ದರೆ ಅರೆಗಳಿಗೆ ಕಾದು ಬಂದ್. ತೊಂಬತ್ತರ ದಶಕದಲ್ಲಿ ಈ ಏರ್ಪಾಡು ಬಂದಾಗ ಮಾವ ಮನಸೋತರು. ಸೋತವರು ಅದನ್ನು ಸ್ಟೇಷನ್ನಿನಲ್ಲೇ ಬಿಟ್ಟು ಬರಬಾರದೇ? ಮನೆಗೂ ತಂದರು! ಯಂತ್ರದ ಅರೆಗಳಿಗೆ ಮಾವನ ಲೆಕ್ಕದಲ್ಲಿ ಹತ್ತು ಎಣಿಸುವಷ್ಟು ಹೊತ್ತಾಯಿತು.

ಒಂದು ಬೆಳಿಗ್ಗೆ ಸ್ಟವ್ ಮೇಲೆ ಹಾಲು ಉಕ್ಕತೊಡಗಿತು. ಪಕ್ಕದಲ್ಲೇ ನಿಂತಿದ್ದ ಮಾವ, ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದ ಅತ್ತೆಯನ್ನು ಕೂಗಿ, ಉಕ್ಕುವುದು ನಿನಗೂ ಕಾಣುತ್ತಿದೆಯಾ ಎಂದು ವಿಚಾರಿಸಿದರು. ಹಿತ್ತಲಿಗೆ ಹೇಗೆ ಕಾಣಬೇಕು? ಮಾವ ನಿಷ್ಠೆಯಿಂದ ಹತ್ತು ಎಣಿಸಿ ಸ್ಟವ್ ಆರಿಸಿದರು. ನಾನು ಹಿತ್ತಲ ಬಾಗಿಲಿಗೆ ಓಡಿದೆ. ಅತ್ತೆ ಒದ್ದೆ ಸೀರೆ ಹಿಂಡಿದ ರೀತಿ ನೋಡಿ ನನಗೆ ಮಾವನ ಕತ್ತು ನೆನಪಾಯಿತು.

ಇನ್ನೊಮ್ಮೆ ನಮ್ಮ ಸೊಪ್ಪಿನ ಮಡಿಗೆ ಎಮ್ಮೆ ನುಗ್ಗಿತು. ಮಾವ ಕೋಲು ಹಿಡಿದು, ಬೇಲಿಯಾಚೆಯವರಿಗೂ ಎಮ್ಮೆ ಕಾಣುತ್ತಿದೆಯೇ ಎಂದು ಕೇಳಿದರು. ಎಮ್ಮೆ ಅವರದೇ! ಕಾಣುತ್ತಿಲ್ಲ ಎಂದುಬಿಟ್ಟರು. ಮಾವ ಎಣಿಸಿ ಮುಗಿಸುವಷ್ಟರಲ್ಲಿ ದಂಟಿನ ಸೊಪ್ಪು ಪೂರ್ತಿ ಎಮ್ಮೆಯ ಹೊಟ್ಟೆ ಸೇರಿತ್ತು.

ಇಂಥವರ ಮನೆಗೆ ನನ್ನನ್ನು ನೋಡಲು ನರಸೀಪುರದಿಂದ ಗಂಡಿನವರು ಬಂದರು. ಅಪ್ಪ ತೀರಿಕೊಂಡ ಮೇಲೆ ಅಮ್ಮ, ನಾನು ಮಾವನ ಜೊತೆಗೇ ಇದ್ದೆವು. ಬಿಳಿಗೆರೆಯ ಶಾಲೆಯಲ್ಲಿ ನನಗೆ ಟೀಚರ್ ಕೆಲಸ ಸಿಕ್ಕಿ ಆಗಿನ್ನೂ ವರ್ಷವಾಗಿತ್ತು. ಆ ಕೆಲಸವೆಂದರೆ ನನಗೆ ಪ್ರಾಣ. ಗಂಡಿನ ತಂದೆ ರಸಬಾಳೆ ಸುಲಿಯುತ್ತಾ, ಮದುವೆಯಾದ ಮೇಲೆ ಹುಡುಗಿ ಕೆಲಸ ಬಿಡಬೇಕು ಎಂದರು. ಅಮ್ಮ ಆಗಲಿ ಎಂದಳು. ಅತ್ತೆಯೂ ಆಗಲಿ ಎಂದರು. ಬಾಗಿಲ ಹಿಂದೆ ನಿಂತು ನಾನು ಎಲ್ಲ ಕೇಳಿಸಿಕೊಳ್ಳುತ್ತಿದ್ದೆ.

ಮಾವ ಎದ್ದು ನೇರವಾಗಿ ನನ್ನ ಹತ್ತಿರ ಬಂದರು.

"ನಂಗೇನೋ ಇದ್ರಲ್ಲಿ ತೊಂದ್ರೆ ಕಾಣ್ತಾ ಅದೆ ಕಣವ್ವ. ನಿಂಗೂ ಕಾಣ್ತಾ ಅದಾ?"

ಎಲ್ಲರೆದುರು! ನಾನು ಬಾಗಿಲ ಹಿಂದೆ ಇನ್ನಷ್ಟು ಸರಿದೆ. ಇನ್ನೇನು, ಹತ್ತು ಎಣಿಸಿ ತಮಗೆ ತೋಚಿದ್ದು ಮಾಡುತ್ತಾರೆ ಎಂದುಕೊಂಡೆ.

"ನಿದಾನಕ್ಕೆ ಹೇಳವ್ವ. ಇವತ್ತು ನಾ ಎಣಿಸಕಿಲ್ಲ."

"ಕಾಣ್ತಾ ಅದೆ ಮಾವ."

ಸ್ಟವ್ ಆರಿಸಲು ಹೆಂಡತಿಯನ್ನು ಕೇಳುವ ಮನುಷ್ಯ ಮರುಕ್ಷಣವೇ ತಿರುಗಿ ಗಂಡಿನವರಿಗೆ ಕೈಮುಗಿದು, ಈ ಸಂಬಂಧ ಬೇಡ ಎಂದರು. ಗಂಡಿನ ತಂದೆಯ ಕೈಯಲ್ಲಿ ಅರ್ಧ ಸುಲಿದ ಹಣ್ಣು ಹಾಗೇ ಉಳಿಯಿತು. ನಾನು ಒಳಗೆ ಹೋಗಿ ಅತ್ತುಬಿಟ್ಟೆ. ನನ್ನ ಬದುಕಿನ ವಿಷಯವನ್ನು ಅದುವರೆಗೆ ಯಾರೂ ನನ್ನನ್ನು ಕೇಳಿರಲಿಲ್ಲ.

ಮಾವ ಮೊನ್ನೆಯೂ ಹಾಲು ಉಕ್ಕಿಸಿದರು. ಶಾಲೆಗೆ ಹೊರಟಿದ್ದ ನಾನು ನಿಂತು, ಸ್ಟವ್ ಒರೆಸಿಯೇ ಬಸ್ಸು ಹತ್ತಿದೆ.